ಮಸಿಯಣ್ಣ ಅಚ್ಚು ಹಾಕಿದ ಪಟ್ಟಿಗಳು

ಮಸಿಯಣ್ಣನಿಗೆ ಆ ಹೆಸರು ಅಂಟಿಕೊಂಡದ್ದು ಪ್ರಯೋಗಾಲಯಕ್ಕೆ ಸೇರಿದ ಮೇಲೆ. ಅದಕ್ಕೆ ಮುಂಚೆ ಅವನೂ ಅವನ ತಮ್ಮನೂ ಅಪ್ಪ ಹಾಕಿಕೊಟ್ಟ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಕೈಚೀಲ, ಅಂಗಿ, ಬಾಟಲಿ, ಬಾಗಿಲ ಫಲಕ, ಯಾರು ಏನು ತಂದುಕೊಟ್ಟರೆ ಅದರ ಮೇಲೆ ಅಚ್ಚು ಹಾಕುತ್ತಿದ್ದರು. ಆ ಬೀದಿಯಲ್ಲಿ ಉಗುರು ಕಪ್ಪಗಿಲ್ಲದವನೇ ಇರಲಿಲ್ಲವಾದ್ದರಿಂದ ಅವನ ಕೈಯನ್ನು ಯಾರೂ ತಿರುಗಿ ನೋಡಿರಲಿಲ್ಲ. ಬಿಳಿ ಕೋಟು ತೊಟ್ಟವರ ನಡುವೆ ಹೋಗಿ ನಿಂತ ಮೊದಲ ದಿನವೇ ಯಾರೋ ಅವನ ಬೆರಳು ನೋಡಿ, "ಈ ಮಸಿ ಹೋಗೋದೇ ಇಲ್ವಾ ಅಣ್ಣ?" ಅಂದರು. "ಹೋದ್ರೆ ನನ್ನ ಗುರುತು ಹೇಗೆ ಸಿಗುತ್ತೆ?" ಅಂದ ಅವನು. ಅಲ್ಲಿಂದಾಚೆಗೆ ಎಲ್ಲರಿಗೂ ಮಸಿಯಣ್ಣನಾದ. ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುತ್ತಿದ್ದವರು, ಮೊದಮೊದಲು ಹಾಗೆ ಕರೆಯಲು ಹಿಂಜರಿದರು. ತಿಂಗಳು ಕಳೆಯುವುದರೊಳಗೆ ಅವರ ಬಾಯಲ್ಲೂ ಅದೇ ಕೂತಿತು.

ಪ್ರಯೋಗಾಲಯಕ್ಕೆ ಅಚ್ಚು ಹಾಕುವವನು ಯಾಕೆ ಬೇಕು ಎಂದು ಅವನ ಹೆಂಡತಿಗೆ ತಲೆಬುಡ ಅರ್ಥವಾಗಿರಲಿಲ್ಲ.

"ಅಲ್ಲೂ ಚೀಲಕ್ಕೆ ಪ್ರಿಂಟ್ ಹಾಕಿಸ್ತಾರೇನ್ರೀ?"

"ಚೀಲಕ್ಕಲ್ಲ ಕಣೇ. ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿಗೆ."

"ಪಟ್ಟಿ ಮೇಲೆ ಏನು ಬರೀತೀರ?"

"ಏನೂ ಬರೆಯಲ್ಲ. ಒಂದು ಚುಕ್ಕೆ, ಅದರ ಸುತ್ತ ಒಂದು ಕಮಾನು, ಪಕ್ಕದಲ್ಲಿ ಒಂದು ಬೊಟ್ಟು. ಮೂರಕ್ಕೂ ಒಂದೊಂದು ಗೆರೆ."

"ಇಷ್ಟು ವರ್ಷ ಅಕ್ಷರ ಬರೆದೋರು ಈಗ ಚುಕ್ಕೆ ಇಡೋಕೆ ಹೋಗ್ತಾ ಇದೀರ. ಇನ್ನೊಂದು ವರ್ಷ ಬಿಟ್ರೆ ಬಳಪ ಹಿಡಿಸ್ತಾರೆ" ಎಂದು ಅವಳು ನಕ್ಕಳು.

ಕೆಲಸ ಮಾತ್ರ ಹಳೆಯದೇ. ಮರದ ಚೌಕಟ್ಟಿಗೆ ಬಿಗಿದ ಜಾಳಿಗೆ ಬಟ್ಟೆ, ಕೆಳಗೆ ಹಾಳೆ, ಮೇಲೆ ಗಟ್ಟಿ ಮಸಿ, ರಬ್ಬರು ಪಟ್ಟಿಯಿಂದ ಒಂದೇ ಎಳೆತ. ಮೊದಲು ಬೆಳ್ಳಿಯ ಗೆರೆ ಹಾಕಿ ಒಲೆಯ ಪೆಟ್ಟಿಗೆಯಲ್ಲಿ ಒಣಗಿಸಬೇಕು, ಆಮೇಲೆ ಇಂಗಾಲದ ಚುಕ್ಕೆ, ಮತ್ತೆ ಒಣಗಿಸಬೇಕು, ಕೊನೆಗೆ ಗೆರೆಗಳನ್ನು ಮುಚ್ಚುವ ಒಂದು ಪದರ. ಚೀಲದ ಮೇಲೆ ಒಂದಕ್ಷರ ಕೊಂಚ ದಪ್ಪವಾದರೆ ಗಿರಾಕಿ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಇಲ್ಲಿ ಚುಕ್ಕೆ ಕೂದಲೆಳೆಯಷ್ಟು ಹಿಗ್ಗಿದರೂ ಹಾಳೆಗೆ ಹಾಳೆಯೇ ಕಸದ ಬುಟ್ಟಿಗೆ ಹೋಗುತ್ತಿತ್ತು. ಮೊದಲ ಕೆಲವು ವಾರ ಅವನು ಹಾಕಿದ್ದರಲ್ಲಿ ಬುಟ್ಟಿಗೆ ಹೋದದ್ದೇ ಹೆಚ್ಚು.

ಒಣಗಿದ ಚುಕ್ಕೆಯ ಮೇಲೆ ಮೇಡಂ ಒಂದು ಹನಿ ಕಪ್ಪು ದ್ರವ ಬಿಡುತ್ತಿದ್ದರು. ಅದರಲ್ಲಿ ಇಂಗಾಲದ ನ್ಯಾನೊ ಕೊಳವೆಗಳೂ ಚಿನ್ನದ ನ್ಯಾನೊ ಕಣಗಳೂ ಇದ್ದವು. ಒಂದು ಕೂದಲನ್ನು ಉದ್ದುದ್ದಕ್ಕೆ ಸಾವಿರಾರು ಸೀಳು ಮಾಡಿದರೆ ಒಂದು ಸೀಳು ಎಷ್ಟು ತೆಳ್ಳಗಿದ್ದೀತೋ ಅಷ್ಟು ತೆಳ್ಳಗಿನ ಕೊಳವೆಗಳು. ಹನಿ ಆರಿದ ಮೇಲೆ ಆ ಚುಕ್ಕೆಯ ಮೈ ಬರಿಗಣ್ಣಿಗೆ ನುಣ್ಣಗಿದ್ದರೂ ಒಳಗೆ ಉಣ್ಣೆಯ ಹಾಗೆ ಸಿಕ್ಕುಸಿಕ್ಕಾಗಿರುತ್ತದೆ, ಅದಕ್ಕೇ ಹಿಡಿಯಬೇಕಾದ್ದನ್ನು ಚೆನ್ನಾಗಿ ಹಿಡಿಯುತ್ತದೆ ಎಂದು ಮೇಡಂ ಹೇಳಿದ್ದರು. ಚಿನ್ನ ಅಷ್ಟು ಸಣ್ಣಗಾದಾಗ ಹಳದಿ ಬಿಟ್ಟು ಕೆಂಪಾಗುತ್ತದೆ ಎಂದೂ ಹೇಳಿದ್ದರು. ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ, "ಚಿನ್ನ ಅಂತೆ, ಕೆಂಪಂತೆ, ಕಣ್ಣಿಗೆ ಕಾಣಲ್ವಂತೆ. ಹೀಗೆ ಹೇಳಿ ಎಷ್ಟು ಜನ ಗಂಡಂದಿರು ಹೆಂಡ್ತೀರಿಗೆ ಟೋಪಿ ಹಾಕಿದಾರೋ" ಅಂದಳು.

ಈ ಪಟ್ಟಿ ಏನನ್ನು ಹಿಡಿಯುತ್ತದೆ ಎಂದು ಅವನೇ ಒಂದು ದಿನ ಮೇಡಂ ಅವರನ್ನು ಕೇಳಿದ್ದ. ಮೇಡಂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೇಳಿದರು.

"ಮೈಯ ಒಂದೊಂದು ಜೀವಕೋಶದಲ್ಲೂ ಒಂದು ಒಲೆ ಉರೀತಿದೆ ಅಂದ್ಕೊಳ್ಳಿ. ನಾವು ಉಸಿರಾಡೋ ಗಾಳಿ ಅದಕ್ಕೆ ಬೇಕು. ಒಲೆ ಅಂದಮೇಲೆ ಕಿಡಿ ಹಾರುತ್ತೆ. ಕಿಡಿ ಆರಿಸೋಕೆ ಮೈಯಲ್ಲೇ ವ್ಯವಸ್ಥೆ ಇದೆ. ಹೊಗೆ, ವಿಷದ ಆವಿ, ಕಾಯಿಲೆ, ಯಾವುದೋ ಕಾರಣಕ್ಕೆ ಕಿಡಿ ಜಾಸ್ತಿಯಾದ್ರೆ, ಆರಿಸೋದು ಸಾಲದೇ ಹೋದ್ರೆ, ಅಕ್ಕಪಕ್ಕ ಇರೋದೆಲ್ಲ ಅಲ್ಲಲ್ಲಿ ಸುಡುತ್ತೆ. ಅದನ್ನೇ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನೋದು."

"ಒಳಗೆ ಸುಟ್ಟಿದ್ದು ಹೊರಗೆ ಹೇಗೆ ಗೊತ್ತಾಗುತ್ತೆ?"

"ಸುಟ್ಟ ಚೂರನ್ನ ಮೈ ಕತ್ತರಿಸಿ ಬಿಸಾಕುತ್ತೆ. ಅದು ಮೂತ್ರದಲ್ಲಿ ಬರುತ್ತೆ. ಪಟ್ಟಿ ಮೇಲೆ ಒಂದು ಹನಿ ಹಾಕಿ ಸ್ವಲ್ಪ ಸ್ವಲ್ಪವಾಗಿ ವೋಲ್ಟೇಜ್ ಏರಿಸಿದ್ರೆ, ಆ ಚೂರು ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ. ಪರದೆ ಮೇಲೆ ಗುಡ್ಡದ ಥರ ಒಂದು ಗೆರೆ ಏಳುತ್ತೆ. ಗುಡ್ಡ ಎಷ್ಟು ಎತ್ತರವೋ ಚೂರು ಅಷ್ಟು."

"ಅಂದ್ರೆ ಬೂದಿ ನೋಡಿ ಬೆಂಕಿ ಎಷ್ಟಿತ್ತು ಅನ್ನೋದು."

"ಹೆಚ್ಚುಕಡಿಮೆ ಹಾಗೇ."

ಅಷ್ಟು ಅವನಿಗೆ ಸಾಕಾಯಿತು. ಅದಕ್ಕಿಂತ ಹೆಚ್ಚು ತಿಳಿದುಕೊಳ್ಳುವ ಹಂಬಲವೂ ಅವನಿಗೆ ಇರಲಿಲ್ಲ.

ಅಪ್ಪನ ಅಂಗಡಿಯನ್ನು ಅವನು ಬಿಟ್ಟದ್ದು ಕೈಯ ದೆಸೆಯಿಂದ. ಮಸಿ ತೆಳ್ಳಗೆ ಮಾಡುವುದಕ್ಕೂ ಜಾಳಿಗೆ ತೊಳೆಯುವುದಕ್ಕೂ ಆ ಬೀದಿಯವರೆಲ್ಲ ತಿನ್ನರ್ ಬಳಸುತ್ತಾರೆ. ಮೂಗಿಗೆ ಹೊಡೆಯುವ, ಬೆರಳ ಸಂದಿಯಿಂದಲೇ ಆವಿಯಾಗಿ ಹಾರಿಹೋಗುವ ದ್ರವ ಅದು. ಅದರಲ್ಲಿ ಅದ್ದೀ ಅದ್ದೀ ಅವನ ಅಂಗೈ ಒಡೆದು ರಕ್ತ ಬರತೊಡಗಿತು. ಮುಲಾಮು ಹಚ್ಚಿದರೆ ವಾರ ಸುಮ್ಮನಿರುತ್ತಿತ್ತು, ಮತ್ತೆ ಒಡೆಯುತ್ತಿತ್ತು. ಕೊನೆಗೆ ಚರ್ಮದ ವೈದ್ಯರು, "ತಿನ್ನರ್ ಬಿಡಿ, ಇಲ್ಲ ಕೈ ಬಿಡಿ" ಅಂದುಬಿಟ್ಟರು. ಕೈಗವಸು ಹಾಕಿಕೊಂಡು ನೋಡಿದ. ಆ ಹರಕು ಕೈಗವಸಿನೊಳಗೂ ತಿನ್ನರ್ ನುಗ್ಗುತ್ತಿತ್ತು. ಅಂಗಡಿ ಬಿಡುತ್ತೇನೆ ಎಂದು ತಮ್ಮನಿಗೆ ಹೇಳಿದ ದಿನ ತಮ್ಮ ಜಾಳಿಗೆ ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ.

"ನಿಂದು ಮಾತ್ರ ಚರ್ಮ. ನಂದೇನು ಎಮ್ಮೆ ಚರ್ಮಾನಾ?" ಅಂದ.

"ನೀನೂ ಬಿಡು ಅಂತಾನೇ ನಾನು ಹೇಳೋದು."

"ಇಬ್ಬರೂ ಬಿಟ್ಟು ಅಪ್ಪನ ಅಂಗಡಿಗೆ ಬೀಗ ಜಡಿಯೋಣ ಅಂತೀಯ. ಹೋಗು. ನೀನು ಕೈ ತೊಳ್ಕೊಂಡು ಹೋಗು. ನಾನು ಇಲ್ಲೇ ಕೈ ಅದ್ದಿಕೊಂಡು ಇರ್ತೀನಿ."

ಮಾತಿಗೆ ಮಾತು ಬೆಳೆಯಿತು. ಚಿಕ್ಕಂದಿನಲ್ಲಿ ಅಪ್ಪ ಯಾರನ್ನು ಹೆಚ್ಚು ಹೊಗಳುತ್ತಿದ್ದ ಎನ್ನುವಲ್ಲಿಗೆ ಹೋಗಿ ನಿಂತಿತು. ಅಲ್ಲಿಂದ ಇಬ್ಬರ ಬಾಯಿಗೂ ಬೀಗ ಬಿತ್ತು. ದಾರಿಯಲ್ಲಿ ಎದುರಾದರೆ ಒಬ್ಬ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ, ಇನ್ನೊಬ್ಬ ಆಕಾಶ ನೋಡುತ್ತಿದ್ದ. ಓರಗಿತ್ತಿಯರು ಮಾತ್ರ ಇದಕ್ಕೂ ತಮಗೂ ಸಂಬಂಧವಿಲ್ಲ ಎನ್ನುವಂತೆ ಫೋನಿನಲ್ಲಿ ದಿನಾ ಮಾತಾಡಿಕೊಂಡೇ ಇದ್ದರು. ಹಾಗಾಗಿ ಅಣ್ಣನಿಗೆ ಮಂಡಿನೋವೆಂದು ತಮ್ಮನಿಗೆ ಗೊತ್ತಿತ್ತು, ತಮ್ಮ ಹೊಸ ಕನ್ನಡಕ ಮಾಡಿಸಿಕೊಂಡನೆಂದು ಅಣ್ಣನಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುವುದನ್ನೂ ಇಬ್ಬರೂ ರೂಢಿಮಾಡಿಕೊಂಡಿದ್ದರು.

ಹೀಗಿರುವಾಗ ಮೇಡಂ ಒಂದು ಬೆಳಿಗ್ಗೆ ಅವನನ್ನು ಕರೆದು ಕೂರಿಸಿದರು. ಪಟ್ಟಿಗಳು ಪ್ರಯೋಗಾಲಯದ ದ್ರಾವಣಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿವೆ, ಇನ್ನು ಜನರ ಮೇಲೆ ನೋಡಬೇಕು ಅಂದರು. ದಿನವಿಡೀ ಆವಿ ಕುಡಿಯುವ ಕೆಲಸದವರು ಒಂದು ಕಡೆ, ಕಚೇರಿಯಲ್ಲಿ ಕೂರುವವರು ಇನ್ನೊಂದು ಕಡೆ. ವಾರದ ಮೊದಲ ದಿನ ಒಂದು ಸಲ, ಕೊನೆಯ ದಿನ ಒಂದು ಸಲ. ಮಾದರಿಯನ್ನು ಹೊತ್ತು ತರುವಂತಿಲ್ಲ, ಪೆಟ್ಟಿಗೆಯಂಥ ಸಣ್ಣ ಉಪಕರಣವನ್ನು ಅಲ್ಲಿಗೇ ಒಯ್ದು ಹಸಿ ಮೂತ್ರದಲ್ಲೇ ಅಳೆಯಬೇಕು. ಪಟ್ಟಿ ಮಾಡುತ್ತಿರುವುದೇ ಅದಕ್ಕೆ.

"ನಿಮ್ಮ ಹಳೇ ಬೀದೀಲಿ ಪ್ರಿಂಟಿಂಗ್ ಅಂಗಡಿಗಳು ತುಂಬ ಇವೆಯಂತಲ್ಲ. ನಮ್ಮವರು ಹೋಗಿ ಕೇಳಿದ್ರು. ಯಾರೂ ಒಪ್ಪಲಿಲ್ಲ. ಕನ್ನಡಕದೋರು ಒಬ್ಬರಿದಾರಂತೆ, ಅವರು ಕೊಟ್ಟರೆ ನಾವೂ ಕೊಡ್ತೀವಿ ಅಂದರಂತೆ ಎಲ್ಲ. ಅವರು ನಿಮಗೆ ಗೊತ್ತಾ?"

ಮಸಿಯಣ್ಣ ತಲೆ ಕೆರೆದುಕೊಂಡ. "ಗೊತ್ತು" ಅಂದ. "ನನ್ನ ತಮ್ಮ."

"ಅಯ್ಯೋ, ಹಾಗಾದ್ರೆ ಕೆಲಸ ಸುಲಭ ಆಯ್ತಲ್ಲ!" ಅಂದರು ಮೇಡಂ.

ಅವನು ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ವರ್ಷ ಆದಮೇಲೆ ತಮ್ಮನ ಮನೆ ಬಾಗಿಲಿಗೆ ಹೋಗೋದು, ಹೋಗಿ ಕೇಳೋದು ಅದನ್ನಾ?" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ನಗು ನಿಂತ ಮೇಲೆ, "ಹೋಗಿ ಬನ್ನಿ. ಏನೋ ಒಂದು ನೆಪ ಸಿಕ್ಕಿತಲ್ಲ" ಅಂದಳು.

ಅವನು ಹೋದ. ಬೀದಿಯ ತಿರುವಿನಲ್ಲೇ ತಿನ್ನರಿನ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯಲ್ಲಿ ಇದ್ದಾಗ ಆ ವಾಸನೆ ಇದೆಯೆಂದೇ ಅವನಿಗೆ ಗೊತ್ತಾಗುತ್ತಿರಲಿಲ್ಲ. ಒಳಗೆ ತಮ್ಮ ಮೇಜಿನ ಮೇಲೆ ಬಾಗಿ ಯಾವುದೋ ಔಷಧಿ ಅಂಗಡಿಯ ಚೀಲಕ್ಕೆ ಹಸಿರು ಹಾಕುತ್ತಿದ್ದ. ಗೋಡೆಯ ಉದ್ದಕ್ಕೂ ಕಟ್ಟಿದ ತಂತಿಯಲ್ಲಿ ಚೀಲಗಳು ಒಣಗುತ್ತಿದ್ದವು. ಇದ್ದ ಒಂದೇ ಕಿಟಕಿಗೆ ಧೂಳು ಬರಬಾರದೆಂದು ರಟ್ಟು ಹೊಡೆದಿತ್ತು, ಅದು ಅಪ್ಪನ ಕಾಲದಿಂದಲೂ ಹಾಗೇ. ತಮ್ಮ ಎಳೆತ ಮುಗಿಸಿ, ಚೌಕಟ್ಟು ಎತ್ತಿ, ಹಾಳೆ ತೆಗೆದು, ಆಮೇಲೆ ನೋಡಿದ.

"ಯಾರು ಹೋದ್ರು?" ಅಂದ. ಸಾವಿನ ಸುದ್ದಿ ಬಿಟ್ಟರೆ ಬೇರೆ ಯಾವುದಕ್ಕೂ ಅಣ್ಣ ಈ ಮೆಟ್ಟಿಲು ಹತ್ತುವುದಿಲ್ಲ ಎಂದೇ ಅವನು ತಿಳಿದಿದ್ದ.

"ಯಾರೂ ಹೋಗಿಲ್ಲ. ಎಲ್ಲ ಚೆನ್ನಾಗಿದಾರೆ."

"ಮತ್ತೆ?"

ಬರುವ ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಮಸಿಯಣ್ಣನಿಗೆ ಮರೆತುಹೋಗಿತ್ತು. "ನಿನ್ನ ಉಚ್ಚೆ ಬೇಕಿತ್ತು" ಅಂದುಬಿಟ್ಟ.

ಅಂಗಡಿಯಲ್ಲಿದ್ದ ಇಬ್ಬರು ಕೆಲಸಗಾರರ ಕೈ ನಿಂತಿತು. ತಮ್ಮ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ. "ಏನಂದೆ?"

ಅಣ್ಣ ಹೇಳಿದ. ಒಲೆ, ಕಿಡಿ, ಬೂದಿ, ಪಟ್ಟಿ, ಪರದೆಯ ಮೇಲಿನ ಗುಡ್ಡ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದ. ತಮ್ಮ ಎಲ್ಲವನ್ನೂ ಕೇಳಿಸಿಕೊಂಡ.

"ಅಂದ್ರೆ ನಾನು ಒಳಗೊಳಗೇ ಸುಡ್ತಾ ಇದೀನಿ ಅಂತ ತೋರಿಸೋಕೆ ಬಂದಿದೀಯ. ನೀನು ಬಿಟ್ಟು ಹೋಗಿದ್ದೇ ಸರಿ ಅಂತ."

"ನಾನು ಏನೂ ತೋರಿಸೋಕೆ ಬಂದಿಲ್ಲ. ಮೇಡಂ ಕೇಳಿದ್ರು, ಬಂದೆ. ಬೇಡ ಅಂದ್ರೆ ಹೋಗ್ತೀನಿ."

ಅವನು ತಿರುಗಿ ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದಿನ ಬಾಗಿಲಿಂದ ತಮ್ಮನ ಹೆಂಡತಿ ಬಂದಳು. ಅಂಗಡಿಯ ಹಿಂದೆಯೇ ಅವರ ಮನೆ. ಓರಗಿತ್ತಿ ಆಗಲೇ ಫೋನ್ ಮಾಡಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು. "ಭಾವ, ನಿಂತುಕೊಳ್ಳಿ" ಎಂದು, ಗಂಡನ ಕಡೆ ತಿರುಗಿದಳು. "ದಿನಾ ಸುಮ್ಮನೆ ಚೆಲ್ಲೋದೇ ತಾನೇ. ಕೊಟ್ರೆ ಆಸ್ತಿ ಕರಗುತ್ತಾ?"

ಕೆಲಸಗಾರರಲ್ಲಿ ಒಬ್ಬ ನಕ್ಕ. ಅವನು ನಕ್ಕದ್ದರಿಂದ ತಮ್ಮನಿಗೂ ಸಿಟ್ಟು ಹಿಡಿದಿಟ್ಟುಕೊಳ್ಳುವುದು ಕಷ್ಟವಾಯಿತು. "ಡಬ್ಬಿ ತಗೊಂಡು ಬರಲಿ ನಿಮ್ಮ ಮೇಡಂ" ಎಂದು ಗೊಣಗಿ ಮತ್ತೆ ಹಸಿರು ಹಾಕಲು ಬಾಗಿದ. ಅಣ್ಣನಿಗೆ ಕೂತುಕೋ ಅನ್ನಲಿಲ್ಲ.

ತಮ್ಮ ಒಪ್ಪಿದ ಮೇಲೆ ಬೀದಿಯವರೆಲ್ಲ ಒಪ್ಪಿದರು. ಮುಂದಿನ ವಾರ ಪ್ರಯೋಗಾಲಯದವರು ತಮ್ಮನ ಅಂಗಡಿಯ ಮುಂಭಾಗದಲ್ಲೇ ಮೇಜು ಹಾಕಿ ಕೂತರು. ಡಬ್ಬಿಗಳ ಮೇಲೆ ಹೆಸರಿರಲಿಲ್ಲ, ಗುರುತಿನ ಸಂಖ್ಯೆ ಮಾತ್ರ ಇತ್ತು. ಯಾರದು ಯಾವುದೆಂದು ಅಳೆಯುವವರಿಗೂ ಗೊತ್ತಾಗಬಾರದು ಎಂಬುದು ಮೇಡಂ ಮಾಡಿದ ಕಟ್ಟಳೆ. ಮಸಿಯಣ್ಣ ಪಟ್ಟಿಯ ಪೊಟ್ಟಣ ಬಿಚ್ಚಿಕೊಡುತ್ತಾ ಪಕ್ಕದಲ್ಲಿ ನಿಂತಿದ್ದ. ತನ್ನ ಪಟ್ಟಿಗಳು ಹೀಗೆ ಬೀದಿಗೆ ಬಂದು ಕೆಲಸ ಮಾಡುವುದನ್ನು ನೋಡಿ ಅವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ತಮ್ಮನೂ ದೂರದಿಂದ ಒಂದೆರಡು ಸಲ ಇತ್ತ ಕಣ್ಣು ಹಾಯಿಸಿದ.

ಆ ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ವಾರದ ಕೊನೆಯ ಅಳತೆಯೂ ಮುಗಿದ ಮೇಲೆ ಮೇಡಂ ಎಲ್ಲ ಗುಡ್ಡಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದಕ್ಕೊಂದು ತಾಳಮೇಳವೇ ಇರಲಿಲ್ಲ. ಒಂದೇ ಡಬ್ಬಿಯ ಮೂತ್ರಕ್ಕೆ ಒಂದು ಪಟ್ಟಿಯಲ್ಲಿ ಗುಡ್ಡ ಎದ್ದಿದ್ದರೆ ಇನ್ನೊಂದರಲ್ಲಿ ದಿಬ್ಬವೂ ಇರಲಿಲ್ಲ. ಕಚೇರಿಯಲ್ಲಿ ಕೂರುವ ಒಬ್ಬರು ಮೈಯೆಲ್ಲ ಹೊತ್ತಿ ಉರಿಯುತ್ತಿರುವ ಹಾಗೆ ಕಂಡರು. ಪ್ರತಿ ಹಾಳೆಯಿಂದ ಒಂದೆರಡು ಪಟ್ಟಿ ತೆಗೆದು ಮೊದಲೇ ಪರೀಕ್ಷಿಸುವುದು ರೂಢಿ. ಬೀದಿಗೆ ಹೋಗುವ ಅವಸರದಲ್ಲಿ ಆ ಸಲ ಯಾರೂ ಮಾಡಿರಲಿಲ್ಲ. ಈಗ ಉಳಿದ ಪಟ್ಟಿಗಳ ಮೇಲೆ ಅಳತೆ ಗೊತ್ತಿರುವ ದ್ರಾವಣ ಹಾಕಿ ನೋಡಿದರು. ತಪ್ಪು ಇದ್ದದ್ದು ಪಟ್ಟಿಯಲ್ಲೇ. ಎರಡು ದಿನ ಯಂತ್ರ, ತಂತಿ, ಒಲೆಯ ಪೆಟ್ಟಿಗೆ ಎಲ್ಲವನ್ನೂ ತಡಕಾಡಿದ ಮೇಲೆ ಮೇಡಂ ಅಚ್ಚಿನ ಕೋಣೆಗೆ ಬಂದರು.

"ಮಸಿಯಣ್ಣ, ಇಂಗಾಲದ ಪೇಸ್ಟಿಗೆ ಏನಾದ್ರೂ ಸೇರಿಸ್ತೀರಾ?"

"ಹ್ಞೂಂ. ಒಂಚೂರು ತಿನ್ನರ್."

"ತಿನ್ನರ್?"

"ಈ ಸಲದ ಚಳಿಗೆ ಗಟ್ಟಿಯಾಗಿತ್ತಲ್ಲ ಮೇಡಂ. ಎಳೆದ್ರೆ ಇಳೀತಾನೇ ಇರಲಿಲ್ಲ. ನನ್ನ ಚೀಲದಲ್ಲಿ ಹಳೇ ಬಾಟಲಿ ಇತ್ತು. ಕೈಗವಸು ಹಾಕ್ಕೊಂಡೇ ಹಾಕಿದೆ."

ತನ್ನ ಚರ್ಮದ ಬಗ್ಗೆ ಮೇಡಂ ಕೇಳುತ್ತಿದ್ದಾರೆಂದು ಅವನು ತಿಳಿದಿದ್ದ. ಮೇಡಂ ಸ್ಟೂಲಿನ ಮೇಲೆ ಕೂತರು. ಮಸಿಗೆ ತಿನ್ನರ್ ಬೆರೆಸುವುದು ಅವನಿಗೆ ಉಸಿರಾಡಿದಷ್ಟೇ ಸಹಜ. ಅಪ್ಪ ಕಲಿಸಿದ ಮೊದಲ ಪಾಠವೇ ಅದು. ಆದರೆ ಆ ನಾಲ್ಕು ಹನಿ ಇಂಗಾಲದ ಕಣಗಳನ್ನು ಹಿಡಿದಿಟ್ಟಿದ್ದ ಅಂಟನ್ನು ಕರಗಿಸಿ, ಒಂದು ಕಡೆ ದಟ್ಟ ಒಂದು ಕಡೆ ತೆಳ್ಳಗೆ ಮಾಡಿತ್ತು. ಅದರ ಮೇಲೆ ಕೂತ ನ್ಯಾನೊ ಕೊಳವೆಗಳೂ ಹಾಗೇ ಕೂತಿದ್ದವು. ಚೀಲದ ಅಕ್ಷರವಾಗಿದ್ದರೆ ಅದು ಎಂದಿಗಿಂತ ಚೆನ್ನಾಗಿ ಮೂಡಿದೆ ಎಂದೇ ಅನ್ನಬೇಕಿತ್ತು.

"ಹಾಕಬೇಡಿ ಅಂತ ನಿಮಗೆ ಯಾರೂ ಹೇಳಿರಲಿಲ್ಲ" ಅಂದರು ಮೇಡಂ. "ಅದು ನಮ್ಮ ತಪ್ಪು."

"ಹಾಕಿದ್ದು ನನ್ನ ಕೈ" ಅಂದ ಅವನು. ಬಾಟಲಿಯನ್ನು ಅವನೇ ತಂದು ಮೇಡಂ ಮುಂದೆ ಇಟ್ಟ. ಅವರು ಅದನ್ನು ರಾಸಾಯನಿಕದ ಕಸ ಹಾಕುವ ಡ್ರಮ್ಮಿಗೆ ಸುರಿದರು. ಮಾದರಿಗಳನ್ನೆಲ್ಲ ಮತ್ತೆ ಮೊದಲಿನಿಂದ ತೆಗೆದುಕೊಳ್ಳಬೇಕಿತ್ತು. ಮೇಡಂ ಬೇರೆಯವರನ್ನು ಕಳಿಸುತ್ತೇನೆ ಅಂದರು. ಅವನು ಒಪ್ಪಲಿಲ್ಲ.

ಹೊಸ ಪಟ್ಟಿಗಳು ಸಿದ್ಧವಾಗಲು ಕೆಲವು ವಾರ ಹಿಡಿಯಿತು. ಚಳಿಗೆ ಪೇಸ್ಟ್ ಗಟ್ಟಿಯಾದರೆ ಡಬ್ಬಿಯನ್ನು ಬೆಚ್ಚನೆ ನೀರಿನಲ್ಲಿ ಇಟ್ಟು ಕಾಯಬೇಕೆಂದು ಗೊತ್ತಾಯಿತು. ಕಾಯುವುದು ಅವನಿಗೆ ತಿನ್ನರ್ ಹಾಕುವುದಕ್ಕಿಂತ ಕಷ್ಟದ ಕೆಲಸ. ಪ್ರತಿ ಹಾಳೆಯನ್ನೂ ಪರೀಕ್ಷೆಗೆ ಕೊಟ್ಟು, ಸರಿಯಿದೆ ಅನ್ನಿಸಿಕೊಂಡ ಮೇಲೆಯೇ ಅವನು ಬೀದಿಯ ಕಡೆ ಹೊರಟ. ಮೊದಲ ಸಲಕ್ಕಿಂತ ಈ ಸಲ ಕಾಲು ಹೆಚ್ಚು ಎಳೆಯಿತು.

ತಮ್ಮ ಅಂಗಡಿಯ ಹೊರಗೆ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅಣ್ಣನನ್ನು ನೋಡಿ, "ರಿಸಲ್ಟ್ ಬಂತಾ?" ಅಂದ.

"ಇಲ್ಲ. ಮತ್ತೆ ಬೇಕು."

"ಏನು ಮತ್ತೆ ಬೇಕು?"

"ಅದೇ."

ತಮ್ಮ ಲೋಟ ಕೆಳಗಿಟ್ಟ. "ಅಲ್ಲಣ್ಣ, ನಿಮ್ಮಲ್ಲಿ ಅದನ್ನೇನು ವ್ಯಾಪಾರಕ್ಕೆ ಇಟ್ಟಿದೀರಾ?"

ಬಹಳ ವರ್ಷದ ಮೇಲೆ ಕೇಳಿದ ಆ 'ಅಣ್ಣ' ಇಬ್ಬರ ಕಿವಿಗೂ ಬಿತ್ತು. ಇಬ್ಬರೂ ಕೇಳಿಸದ ಹಾಗೆ ಇದ್ದರು. ಮಸಿಯಣ್ಣ ಮೆಟ್ಟಿಲ ಇನ್ನೊಂದು ತುದಿಯಲ್ಲಿ ಕೂತು ಹೇಳಿದ. "ಪಟ್ಟಿ ಕೆಟ್ಟಿತ್ತು. ನಾನೇ ಕೆಡಿಸಿದ್ದು. ಪೇಸ್ಟ್ ಗಟ್ಟಿಯಾಗಿತ್ತು ಅಂತ ತಿನ್ನರ್ ಹಾಕಿದೆ."

ತಮ್ಮ ಅವನನ್ನೇ ನೋಡಿದ. "ತಿನ್ನರ್ ಹಾಕಿದೆ."

"ಹ್ಞೂಂ."

"ತಿನ್ನರ್ ಆಗಲ್ಲ ಅಂತ ಅಪ್ಪನ ಅಂಗಡಿ ಬಿಟ್ಟೆ. ಹೋಗಿ ಅಲ್ಲಿ ತಿನ್ನರ್ ಹಾಕಿದೆ."

"ಹ್ಞೂಂ ಅಂದೆನಲ್ಲ."

ತಮ್ಮನಿಗೆ ನಗು ಬಂತು. ಮೊದಲು ಹೆಗಲು ಅಲುಗಿತು, ಆಮೇಲೆ ಕೆಮ್ಮಿಗೆ ತಿರುಗಿತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಮಸಿಯಣ್ಣ ನಗಲಿಲ್ಲ. ಆ ಕೆಮ್ಮು ಅವನಿಗೆ ಹಿಡಿಸಲಿಲ್ಲ. "ಎಷ್ಟು ದಿನದಿಂದ ಇದೆ ಇದು?" ಎಂದು ಕೇಳಿದ.

"ಯಾವುದು? ಕೆಮ್ಮಾ? ಇದ್ದಿದ್ದೇ." ತಮ್ಮ ಕಣ್ಣೊರೆಸಿಕೊಂಡ. ನಗು ಇಳಿದ ಮೇಲೆ ಅವನ ದನಿ ಬೇರೆಯಾಗಿತ್ತು. "ನನಗೆ ಸಿಟ್ಟು ಬಂದಿದ್ದು ನೀನು ಹೋಗಿದ್ದಕ್ಕಲ್ಲ. ಸಂಜೆ ಲೈಟ್ ಆರಿಸುವಾಗ 'ಆಯ್ತೇನೋ' ಅಂತ ಕೂಗ್ತಿದ್ದೆಯಲ್ಲ, ನೀನು ಹೋದ ಮಾರನೇ ದಿನ ಯಾರೂ ಕೂಗಲಿಲ್ಲ. ನಾನೇ ಲೈಟ್ ಆರಿಸಿ ಬಂದೆ. ಅವಳಿಗೂ ಹೇಳಿಲ್ಲ ಇದನ್ನ."

ಮಸಿಯಣ್ಣ ತನ್ನ ಅಂಗೈ ನೋಡಿಕೊಂಡ. "ನನ್ನ ಕೈ ನಿಜವಾಗಲೂ ಒಡೆದಿತ್ತು ಕಣೋ" ಅಂದ.

"ಗೊತ್ತು. ನೋಡಿದ್ದೆ." ತಮ್ಮ ಲೋಟದಲ್ಲಿ ಉಳಿದಿದ್ದನ್ನು ರಸ್ತೆಗೆ ಚೆಲ್ಲಿ ಎದ್ದ. "ಈ ಸಲ ಬಿಟ್ಟಿ ಕೊಡಲ್ಲ ಅಂತ ಹೇಳು ನಿಮ್ಮ ಮೇಡಂಗೆ. ಹೋದ ಸಲ ಎಲ್ಲರೂ ಕೊಟ್ಟರು, ನಮಗೆ ಸಿಕ್ಕಿದ್ದೇನು ಅಂತ ಬೀದೀಲಿ ನನ್ನ ಕೇಳ್ತಿದಾರೆ. ಒಬ್ಬ ಡಾಕ್ಟರನ್ನೋ ನರ್ಸನ್ನೋ ಕರ್ಕೊಂಡು ಬರಲಿ. ಎಲ್ಲರನ್ನೂ ಒಂದು ಸಲ ನೋಡಲಿ."

ಮೇಡಂಗೆ ಇದು ನ್ಯಾಯವೇ ಎನ್ನಿಸಿತು. ಎರಡನೆಯ ಸಲ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಬಂತು, ಅದರ ಹಿಂದೆ ಒಬ್ಬ ನರ್ಸಮ್ಮ ಕೂತರು. ತೂಕ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ತಮ್ಮನ ಸರದಿ ಬಂದಾಗ ಒಂದು ಸಲ ನೋಡಿ, ಕೂತು ಸುಧಾರಿಸಿಕೊಳ್ಳಿ ಎಂದು ಹೇಳಿ, ಮತ್ತೆ ನೋಡಿ, ಇನ್ನೊಂದು ತೋಳಿಗೂ ಸುತ್ತಿ ನೋಡಿದರು. "ತಲೆನೋವು ಬರುತ್ತಾ?" ಎಂದು ಕೇಳಿದರು. "ಈ ಬೀದೀಲಿ ಯಾರಿಗೆ ಬರಲ್ಲ ಹೇಳಿ" ಅಂದ ತಮ್ಮ. ನರ್ಸಮ್ಮ ನಗಲಿಲ್ಲ. ಇವತ್ತೇ ಆಸ್ಪತ್ರೆಗೆ ಹೋಗಬೇಕು, ನಾಳೆ ಅಂದರೆ ಆಗುವುದಿಲ್ಲ ಅಂದರು.

ಕರೆದುಕೊಂಡು ಹೋದವನು ಅಣ್ಣ. ರಕ್ತದೊತ್ತಡ ಬಹಳ ಕಾಲದಿಂದ ಏರಿಕೊಂಡೇ ಇದ್ದಿರಬೇಕು, ಹೀಗೇ ಬಿಟ್ಟಿದ್ದರೆ ಒಂದು ದಿನ ಮೇಜಿನ ಮೇಲೆ ಬಾಗಿದವನು ಏಳುತ್ತಿರಲಿಲ್ಲ ಎಂದು ಆಸ್ಪತ್ರೆಯ ವೈದ್ಯರು ಹೇಳಿದರು. ಮಾತ್ರೆ ಬರೆದುಕೊಟ್ಟರು. ಎದೆಯ ಎಕ್ಸ್‌ರೇ ತೆಗೆಸಿ, ಶ್ವಾಸಕೋಶಕ್ಕೆ ಸದ್ಯ ಏನೂ ಆಗಿಲ್ಲ, ಆದರೆ ಆ ಗಾಳಿ ಒಳ್ಳೆಯದಲ್ಲ ಎಂದರು.

ದಾರಿಯಲ್ಲಿ ತಮ್ಮ ಕೇಳಿದ. "ಇದನ್ನ ನಿನ್ನ ಪಟ್ಟಿ ಕಂಡುಹಿಡಿದಿದ್ದಾ?"

"ಇಲ್ಲ. ನರ್ಸಮ್ಮನ ತೋಳುಪಟ್ಟಿ."

"ಮತ್ತೆ ನಿಂದು ಏನು ಕಂಡುಹಿಡಿಯುತ್ತೆ?"

"ಮೇಡಂ ಬಂದು ಹೇಳ್ತಾರೆ."

ಮೇಡಂ ಬಂದು ಹೇಳಿದ್ದು ಮಳೆಗಾಲ ಹಿಡಿದ ಮೇಲೆ. ಪ್ರಿಂಟಿಂಗ್ ಅಂಗಡಿಗಳವರೆಲ್ಲ ತಮ್ಮನ ಅಂಗಡಿಯ ಮುಂದೆ ಸೇರಿದ್ದರು. ಕಚೇರಿಯವರಿಗೆ ವಾರದ ಮೊದಲಿಗೂ ಕೊನೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಬೀದಿಯವರಿಗೆ ರಜೆ ಮುಗಿಸಿ ಬಂದ ಬೆಳಿಗ್ಗೆ ಗುಡ್ಡ ತಗ್ಗಾಗಿತ್ತು, ವಾರದ ಕೊನೆಗೆ ಏರಿತ್ತು. ಎಲ್ಲರಿಗೂ ಅಲ್ಲ, ಒಟ್ಟು ಸರಾಸರಿಯಲ್ಲಿ. ಜನ ಕಡಿಮೆ, ಇನ್ನೂ ಎಷ್ಟೋ ಕಡೆ ಇದನ್ನು ಮಾಡಿ ನೋಡಬೇಕು, ಬೀಡಿ ಸಿಗರೇಟು ಸೇದುವವರಿಗೆ, ನೆಗಡಿಯಾದವರಿಗೆ, ನಿದ್ದೆಗೆಟ್ಟವರಿಗೂ ಇದು ಏರುತ್ತದೆ ಎಂದು ಮೇಡಂ ಎಚ್ಚರದಿಂದ ಹೇಳಿದರು.

"ಅದೆಲ್ಲ ಇರಲಿ ಮೇಡಂ, ನಂದು ಎಷ್ಟು?" ಅಂದ ತಮ್ಮ.

"ನಿಮ್ಮದು ಅಂತ ಹೇಳೋಕೆ ಆಗಲ್ಲ. ಒಬ್ಬರ ಒಂದು ಸಂಖ್ಯೆಗೆ ಏನರ್ಥ ಅಂತ ನಮಗೇ ಇನ್ನೂ ಗೊತ್ತಿಲ್ಲ. ಸುಮ್ಮನೆ ಹೆದರಿಸಿದ ಹಾಗಾಗುತ್ತೆ, ಇಲ್ಲ ಸುಮ್ಮನೆ ಸಮಾಧಾನ ಮಾಡಿದ ಹಾಗಾಗುತ್ತೆ."

"ಇವನಿಗೆ ಗೊತ್ತಿರಬೇಕಲ್ಲ" ಎಂದು ಅವನು ಅಣ್ಣನ ಕಡೆ ಬೆರಳು ಮಾಡಿದ.

"ನನಗೂ ಗೊತ್ತಿಲ್ಲ" ಅಂದ ಮಸಿಯಣ್ಣ. ಅದು ನಿಜ. ತಮ್ಮ ಪೂರ್ತಿ ನಂಬಲಿಲ್ಲ. ಇವತ್ತಿಗೂ ನಂಬಿಲ್ಲ. ಆದರೆ ರಜೆಯ ದಿನ ತಗ್ಗಿ ಕೆಲಸದ ದಿನ ಏರುತ್ತದೆ ಎಂಬ ಮಾತು ಮಾತ್ರ ಅವನ ತಲೆಯಲ್ಲಿ ಕೂತಿತು. ಅದಕ್ಕೆ ವಿಜ್ಞಾನ ಬೇಕಾಗಿರಲಿಲ್ಲ. ತನ್ನ ತಲೆನೋವು ಯಾವ ದಿನ ಇರುತ್ತಿತ್ತು, ಯಾವ ದಿನ ಇರುತ್ತಿರಲಿಲ್ಲ ಎಂದು ಅವನಿಗೇ ಗೊತ್ತಿತ್ತು. ಮುಂದಿನ ವಾರ ಕಿಟಕಿಯ ರಟ್ಟು ಕಿತ್ತು ಗಾಳಿ ಹೊರಗೆ ಎಳೆಯುವ ಫ್ಯಾನ್ ಕೂರಿಸಿದ. ಜಾಳಿಗೆ ತೊಳೆಯುವುದನ್ನು ಹಿತ್ತಲಿಗೆ ಸಾಗಿಸಿದ. ಫ್ಯಾನಿನ ಸದ್ದಿಗೆ ಮಾತೇ ಕೇಳುವುದಿಲ್ಲ, ಧೂಳು ಬಂದು ಹಸಿ ಅಚ್ಚಿನ ಮೇಲೆ ಕೂರುತ್ತದೆ ಎಂದು ದಿನಾ ಬೈದುಕೊಳ್ಳುತ್ತಾನೆ. ಬೀದಿಯಲ್ಲಿ ಇನ್ನಿಬ್ಬರು ಅವನನ್ನು ನೋಡಿ ಫ್ಯಾನ್ ಹಾಕಿಸಿದರು. ಉಳಿದವರು ನೋಡೋಣ ಅಂದರು, ಇನ್ನೂ ನೋಡುತ್ತಲೇ ಇದ್ದಾರೆ.

ಮಸಿಯಣ್ಣ ಪ್ರಯೋಗಾಲಯದಲ್ಲೇ ಇದ್ದಾನೆ. ಮೇಡಂ ಈಗ ವೆಲ್ಡಿಂಗ್ ಮಾಡುವವರನ್ನೂ ಬಣ್ಣ ಬಳಿಯುವವರನ್ನೂ ಹುಡುಕುತ್ತಿದ್ದಾರೆ, ಪಟ್ಟಿಗಳು ಮೊದಲಿಗಿಂತ ಹೆಚ್ಚು ಬೇಕಾಗುತ್ತವೆ. ಒಂದು ಸಲ ಅವನ ಜಾಳಿಗೆ ಹರಿದು, ಹೊಸದು ಬರುವುದು ತಡವಾದಾಗ, ತಮ್ಮನೇ ಚೌಕಟ್ಟು ತೆಗೆದುಕೊಂಡು ಬಂದು ಬಿಗಿದುಕೊಟ್ಟ. ಬಿಳಿ ಕೋಟು ತೊಡಿಸಿದ್ದಕ್ಕೆ ಮೈ ಕೈ ಅಲುಗಿಸಲಾಗದವನ ಹಾಗೆ ನಿಂತು, ಅಣ್ಣ ಒಂದು ಹಾಳೆ ಅಚ್ಚು ಹಾಕುವುದನ್ನು ನೋಡಿದ.

"ಇಷ್ಟಕ್ಕೇನಾ ಇಷ್ಟು ದೊಡ್ಡ ಕಟ್ಟಡ?" ಅಂದ.

"ಇಷ್ಟಕ್ಕೇ."

"ಆ ಮೂಲೇಲಿ ಚುಕ್ಕೆ ಸ್ವಲ್ಪ ಸರಿದಿದೆ."

ಮಸಿಯಣ್ಣ ಭೂತಗನ್ನಡಿ ಹಿಡಿದು ನೋಡಿದ. ಸರಿದಿರಲಿಲ್ಲ. "ನಿನ್ನ ಕನ್ನಡಕ ಬದಲಾಯಿಸು" ಎಂದು ಹೇಳಿ ಹಾಳೆಯನ್ನು ಒಲೆಯ ಪೆಟ್ಟಿಗೆಗೆ ಇಟ್ಟ. ತಮ್ಮ ಅದನ್ನು ಒಪ್ಪಲಿಲ್ಲ. ಹಾಳೆ ಒಣಗಿ ಹೊರಗೆ ಬರುವ ತನಕ ಇಬ್ಬರೂ ಅದೇ ವಿಷಯಕ್ಕೆ ಜಗಳವಾಡುತ್ತ ಕೂತಿದ್ದರು.